ತಮ್ಮನ ಫೋನಿನೊಳಗಿನ ಕಾಗೆ, ಗೂಬೆ, ಮೀನು

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಕೆಲಸದಲ್ಲಿದ್ದ. ಏಳು ತಿಂಗಳ ಹಿಂದೆ ಕೆಲಸ ಹೋಯಿತು, ದಾವಣಗೆರೆಗೆ ಅಮ್ಮನ ಮನೆಗೆ ವಾಪಸ್ ಬಂದ. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ವರ್ಷದ ತಿಥಿಯ ದಿನ ಎಡೆಗೆ ಕಾಗೆ ಬರಲೇ ಇಲ್ಲ. ನನ್ನ ಲೆಕ್ಕದಲ್ಲಿ ಎಲ್ಲ ಶುರುವಾಗಿದ್ದು ಅಲ್ಲಿಂದ. ಮೊದಲು ಕಾಗೆಯ ವಿಡಿಯೋ ನೋಡುತ್ತಿದ್ದ. ಈಗ ಪೇಪರಿನ ಫೋಟೋ, ಟಿವಿ ನ್ಯೂಸ್, ರೀಲ್ಸ್ ಎಲ್ಲದರಲ್ಲೂ ಮೂಲೆಯಲ್ಲಿ ಯಾವ ಪ್ರಾಣಿ ಇದೆ ಎಂದು ಹುಡುಕುತ್ತಾನೆ. ಗೂಬೆ ಕಂಡರೆ ದೊಡ್ಡವರ ಸಾವು, ಹಾವು ಕಂಡರೆ ಸರ್ಕಾರದೊಳಗೆ ಮೋಸ, ಉದ್ದನೆಯ ಬೆಳ್ಳಿ ಮೀನು ಕಂಡರೆ ಭೂಕಂಪ. ಫೋನಿನಲ್ಲಿ 2,100 ಸ್ಕ್ರೀನ್‌ಶಾಟ್ ಇವೆ, ತಾರೀಖಿನ ಪ್ರಕಾರ ಫೋಲ್ಡರ್ ಮಾಡಿದ್ದಾನೆ. ಅಮೆರಿಕದಲ್ಲಿ ಆ ಮೀನು ಸಿಕ್ಕ ಎರಡೇ ದಿನಕ್ಕೆ ಭೂಕಂಪವಾಯಿತಲ್ಲ, ಅದಕ್ಕೇನು ಹೇಳ್ತೀಯ ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಬೆಳಗಿನ ಜಾವ ನಾಲ್ಕರವರೆಗೂ ಮಲಗುವುದಿಲ್ಲ. ಹೋದ ವಾರ ನ್ಯೂಸ್ ಓದುವವರ ಸೀರೆಗೆ ಗಿಣಿಯ ಪಿನ್ ಇತ್ತು. ‘ಅದು ನನಗೋಸ್ಕರಾನೇ ಹಾಕ್ಕೊಂಡು ಬಂದಿರೋದು’ ಅಂದು ನಕ್ಕ. ಅಮ್ಮ ಗ್ರಹಚಾರ, ಶಾಂತಿ ಮಾಡಿಸೋಣ ಅನ್ನುತ್ತಾಳೆ. ನನ್ನ ಯಜಮಾನರು ಫೋನ್ ಕಿತ್ತುಕೊಳ್ಳಿ ಅನ್ನುತ್ತಾರೆ. ಇದು ಮೂಢನಂಬಿಕೆಯಾ, ಮೊಬೈಲ್ ಚಟವಾ, ಕಾಯಿಲೆಯಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರರದ್ದೂ ಒಂದಿಷ್ಟು ಬೆರೆತಿರಬಹುದು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗಿದೆ ಅನ್ನುವುದು ಈಗ ಗೊತ್ತಾಗಬೇಕು. ನಿಮಗೆ ಗಾಬರಿ ಹುಟ್ಟಿಸಿರುವುದು 2,100 ಸ್ಕ್ರೀನ್‌ಶಾಟ್. ಮನೋವೈದ್ಯರ ಕಣ್ಣು ನಿಲ್ಲುವುದು ಗಿಣಿ ಪಿನ್ನಿನ ಸಾಲಿನ ಮೇಲೆ. ಅದಕ್ಕೆ ಆಮೇಲೆ ಬರೋಣ. ಮೊದಲು ಮೀನಿನ ಲೆಕ್ಕ ಮುಗಿಸುತ್ತೇನೆ. ತಮ್ಮ ಕೇಳಿರುವ ಪ್ರಶ್ನೆ ಬೇಜವಾಬ್ದಾರಿಯದಲ್ಲ, ಅದಕ್ಕೆ ನೆಟ್ಟಗೆ ಉತ್ತರವೂ ಇದೆ.

ಅವನು ಹೇಳುತ್ತಿರುವುದು ಓರ್‌ಫಿಶ್ ಎಂಬ ಆಳಸಮುದ್ರದ ಮೀನು. ಜಪಾನಿನಲ್ಲಿ ಅದನ್ನು ಸಮುದ್ರರಾಜನ ಅರಮನೆಯ ದೂತ ಎಂದು ಕರೆಯುತ್ತಾರೆ, ದಡಕ್ಕೆ ಬಂದರೆ ಭೂಕಂಪದ ಸೂಚನೆ ಎಂಬ ನಂಬಿಕೆ ಅಲ್ಲಿನದು. 2024ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದ ಲಾ ಹೋಯಾ ತೀರದಲ್ಲಿ ಹನ್ನೆರಡು ಅಡಿ ಉದ್ದದ ಸತ್ತ ಓರ್‌ಫಿಶ್ ಸಿಕ್ಕಿದ್ದು ನಿಜ. ಆಗಸ್ಟ್ 12ರಂದು ಲಾಸ್ ಏಂಜಲೀಸ್‌ನಲ್ಲಿ 4.4 ತೀವ್ರತೆಯ ಭೂಕಂಪ ಆಗಿದ್ದೂ ನಿಜ. ತಮ್ಮ ಸುಳ್ಳು ಹೇಳುತ್ತಿಲ್ಲ. ಅವನು ಬಿಟ್ಟಿರುವುದು ಉಳಿದ ಲೆಕ್ಕವನ್ನು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 4ಕ್ಕಿಂತ ಹೆಚ್ಚಿನ ತೀವ್ರತೆಯ ಭೂಕಂಪ ವರ್ಷಕ್ಕೆ 15–20 ಆಗುತ್ತವೆ, ಅಂದರೆ ಸರಾಸರಿ ಮೂರು ವಾರಕ್ಕೊಂದು. ಅಲ್ಲಿ ಯಾವ ದಿನ ಯಾವ ಮೀನು ಸಿಕ್ಕರೂ ಹತ್ತಿರದಲ್ಲೇ ಒಂದು ಭೂಕಂಪ ಇದ್ದೇ ಇರುತ್ತದೆ. ಇಡೀ ಭೂಮಿಯ ಲೆಕ್ಕ ತೆಗೆದುಕೊಂಡರೆ 5ರಿಂದ 6ರೊಳಗಿನವು ವರ್ಷಕ್ಕೆ 1,300ರಷ್ಟು, ದಿನಕ್ಕೆ ಮೂರೋ ನಾಲ್ಕೋ. ಆರರ ಮೇಲಿನವು ವರ್ಷಕ್ಕೆ 130ಕ್ಕೂ ಹೆಚ್ಚು, ವಾರಕ್ಕೆ ಎರಡಾದರೂ ಬಂತು. ಮೀನಿನ ಬದಲು ಎಮ್ಮೆಯ ಫೋಟೋ ಇಟ್ಟುಕೊಂಡು ಕಾದರೂ ವಾರದೊಳಗೆ ಪ್ರಪಂಚದ ಯಾವುದೋ ಮೂಲೆಯಲ್ಲಿ ಭೂಮಿ ನಡುಗುತ್ತದೆ.

ಜಪಾನಿನವರು ತಮ್ಮ ನಂಬಿಕೆಯನ್ನು ತಾವೇ ಪರೀಕ್ಷಿಸಿದ್ದಾರೆ. 1928ರಿಂದ 2011ರವರೆಗೆ ಆಳಸಮುದ್ರದ ಮೀನು ಕಾಣಿಸಿಕೊಂಡ 336 ದಾಖಲೆಗಳನ್ನೂ 221 ಭೂಕಂಪಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೊಂದಿತು ಅನ್ನಬಹುದಾದ ಜೋಡಿ ಸಿಕ್ಕಿದ್ದು ಒಂದೇ ಒಂದು. ಪ್ರಾಣಿಗಳಿಗೆ ಭೂಕಂಪ ಮೊದಲೇ ಗೊತ್ತಾಗುತ್ತದೆ ಎಂಬ ಮಾತಿನಲ್ಲಿ ಇಷ್ಟು ಮಾತ್ರ ಗಟ್ಟಿ: ಭೂಕಂಪದ ಮೊದಲ ಅಲೆ ಬೇಗ ಓಡುತ್ತದೆ, ಸಣ್ಣಗಿರುತ್ತದೆ, ಮನುಷ್ಯರಿಗೆ ತಿಳಿಯದೇ ಹೋಗಬಹುದು. ಬಲವಾಗಿ ಅಲುಗಾಡಿಸುವ ಅಲೆ ಅದರ ಹಿಂದೆ ಬರುತ್ತದೆ. ಈ ಎರಡರ ನಡುವಿನ ಕೆಲವು ಸೆಕೆಂಡುಗಳಲ್ಲಿ ನಾಯಿ ಎದ್ದು ಬೊಗಳಬಹುದು. ಸೆಕೆಂಡುಗಳು, ದಿನಗಳಲ್ಲ.

ಇನ್ನು ಕಾಗೆ. 2016ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿಗಳ ಕಾರಿನ ಮೇಲೆ ಕಾಗೆ ಕೂತು ಎದ್ದೇಳಲಿಲ್ಲ ಎಂದು ನಮ್ಮ ಚಾನೆಲ್ಲುಗಳು ಜ್ಯೋತಿಷಿಗಳನ್ನು ಕೂರಿಸಿಕೊಂಡು ಚರ್ಚೆ ಮಾಡಿದ್ದು ನಿಮಗೆ ನೆನಪಿರಬಹುದು. ಮುಂಗಾರಿನ ಆ ಹೊತ್ತು ಕಾಗೆ ಮರಿಗಳು ಗೂಡು ಬಿಡುವ ಕಾಲ. ರೆಕ್ಕೆ ಬಲಿಯದವು ಕಾರು, ಕಾಂಪೌಂಡು ಎಲ್ಲೆಂದರಲ್ಲಿ ಕೂತುಬಿಡುತ್ತವೆ. ಕುರ್ಚಿಗೆ ಕಂಟಕ ಎಂಬುದು ಶಕುನದ ಅರ್ಥವಾಗಿದ್ದರೆ ಅದು ಫಲಿಸಲಿಲ್ಲ, ಅವರು 2018ರವರೆಗೆ ಐದು ವರ್ಷ ಪೂರೈಸಿದರು. ಆದರೆ ಮರುತಿಂಗಳು ಅವರ ಮನೆಯಲ್ಲಿ ದುಃಖದ ಸಾವೊಂದು ಸಂಭವಿಸಿತು. ಶಕುನ ನಂಬುವ ಮನಸ್ಸಿಗೆ ಅಷ್ಟು ಸಾಕು, ಕುರ್ಚಿಯ ಕಾಗೆ ಆ ಕ್ಷಣಕ್ಕೆ ಸಾವಿನ ಕಾಗೆ ಆಗಿಬಿಡುತ್ತದೆ. ಮೊದಲು ಹೇಳಿದ ಅರ್ಥ ಸುಳ್ಳಾದದ್ದನ್ನು ಯಾರೂ ಬರೆದಿಡುವುದಿಲ್ಲ. ಹೀಗೆ ಎಲ್ಲಿ ಬೇಕಾದರೂ ನೆಡಬಹುದಾದ ಗೂಟ ಸಿಕ್ಕಮೇಲೆ ಹಗ್ಗ ಕಟ್ಟುವುದು ಯಾವ ಮಹಾ ಕೆಲಸ?

ಸುದ್ದಿ ಚಿತ್ರಗಳಲ್ಲಿ ಇಷ್ಟೊಂದು ಪ್ರಾಣಿ ಯಾಕಿವೆ ಎಂಬ ಅನುಮಾನ ಅವನಿಗೆ ಬಂದಿದ್ದರೆ ಅದಕ್ಕೂ ಸಾದಾ ಉತ್ತರವಿದೆ. ಕರ್ನಾಟಕ ಸರ್ಕಾರದ ಯಾವ ಪತ್ರಿಕಾಗೋಷ್ಠಿಯ ಫೋಟೋ ತೆಗೆದರೂ ಹಿಂದಿನ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ ಇದೆ. ಅದರ ಮೇಲೆ ಅಶೋಕಸ್ತಂಭ, ಅದರಲ್ಲಿ ಸಿಂಹಗಳು, ಸಿಂಹಗಳ ಕೆಳಗೆ ಕುದುರೆ ಮತ್ತು ಗೂಳಿ. ಷೇರುಪೇಟೆಯ ಸುದ್ದಿಗೆ ಗೂಳಿ ಇಲ್ಲವೇ ಕರಡಿ. ಐಪಿಎಲ್ ಜೆರ್ಸಿಗೆ ಸಿಂಹ. ನೋಟಿನ ಮೇಲಿನ ರಿಸರ್ವ್ ಬ್ಯಾಂಕ್ ಮುದ್ರೆಯಲ್ಲಿ ಹುಲಿ, ಹಿಂದೆ ತಾಳೆ ಮರ. ಇವೆಲ್ಲ ಬೇಕೆಂದೇ ಇಟ್ಟ ಸಂಕೇತಗಳೇ. ಯಾರು, ಯಾವಾಗ, ಯಾಕೆ ಇಟ್ಟರು ಎಂಬುದಕ್ಕೆ ದಾಖಲೆಯೂ ಇದೆ. ಸಂಕೇತಕ್ಕೆ ಇಟ್ಟವರು ಒಬ್ಬರು ಬೇಕು, ಓದುವವರು ಒಪ್ಪಿದ ಅರ್ಥವೊಂದು ಬೇಕು. ಸಂತೆಯ ಫೋಟೋದ ಮೂಲೆಯಲ್ಲಿ ನಡೆದುಹೋದ ನಾಯಿಗೆ ಎರಡೂ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ತಪ್ಪಿಗೆ ನಮ್ಮ ಹಿರಿಯರು ಪ್ರಾಣಿಗಳಿಂದಲೇ ಹೆಸರಿಟ್ಟಿದ್ದರು. ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಉದುರುವುದಕ್ಕೂ ಸರಿಹೋಯಿತು, ಅದು ಕಾಕತಾಳೀಯ. ಮರ ಕೊರೆಯುವ ಹುಳು ತಿನ್ನುತ್ತ ಹೋದ ಜಾಡು ನಮ್ಮ ಕಣ್ಣಿಗೆ ಅಕ್ಷರದ ಹಾಗೆ ಕಂಡಿತು, ಅದು ಘುಣಾಕ್ಷರ ನ್ಯಾಯ. ಎರಡನೆಯದು ಈ ಸಮಸ್ಯೆಗೆ ಇನ್ನೂ ಹತ್ತಿರ. ಹುಳುವಿಗೆ ಅಕ್ಷರ ಬಾರದು, ಅದು ಊಟ ಮಾಡುತ್ತಿತ್ತು. ಓದಿದವರು ನಾವು.

ಮನಸ್ಸು ಹೀಗೇಕೆ ಓದುತ್ತದೆ? ಗುರುತು ಹಿಡಿಯುವುದೇ ಮಿದುಳಿನ ಕಸುಬು. ಪೊದೆ ಅಲುಗಿದಾಗ ಗಾಳಿಯನ್ನು ಚಿರತೆ ಎಂದುಕೊಂಡವನು ಬದುಕಿಕೊಂಡ, ಚಿರತೆಯನ್ನು ಗಾಳಿ ಎಂದುಕೊಂಡವನು ಉಳಿಯಲಿಲ್ಲ. 1948ರಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಎಂಟು ಪಾರಿವಾಳಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ನಿಗದಿತ ಸೆಕೆಂಡಿಗೊಮ್ಮೆ ಕಾಳು ಸಿಗುವ ಹಾಗೆ ಮಾಡಿದರು. ಎಂಟರಲ್ಲಿ ಆರು ಪಾರಿವಾಳಗಳು ಒಂದೊಂದು ‘ಆಚರಣೆ’ ಹಿಡಿದವು. ಒಂದು ಸುತ್ತು ಸುತ್ತಿತು, ಇನ್ನೊಂದು ಪೆಟ್ಟಿಗೆಯ ಮೇಲಿನ ಮೂಲೆಗೆ ತಲೆ ತೂರಿಸಿತು. ಕಾಳು ಬಂದ ಗಳಿಗೆಯಲ್ಲಿ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತು ಎಂಬ ಹಾಗೆ ನಡೆದುಕೊಂಡವು. ಪ್ರಾಣಿಗಳಲ್ಲಿ ನಾವು ಅರ್ಥ ಹುಡುಕುವ ಹಾಗೆಯೇ ಪ್ರಾಣಿಗಳೂ ನಮ್ಮ ಪೆಟ್ಟಿಗೆಯಲ್ಲಿ ಅರ್ಥ ಹುಡುಕಿದ್ದವು.

ಬದುಕು ಕೈಮೀರಿದಾಗ ಈ ಚಾಳಿ ಜಾಸ್ತಿಯಾಗಬಹುದು. 2008ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಪರಿಸ್ಥಿತಿ ತಮ್ಮ ಹಿಡಿತದಲ್ಲಿಲ್ಲ ಎಂಬ ಭಾವನೆ ಮೂಡಿಸಲ್ಪಟ್ಟವರಿಗೆ ಬರೀ ಚುಕ್ಕಿಗಳಿದ್ದ ಚಿತ್ರದಲ್ಲೂ ಆಕೃತಿಗಳು ಹೆಚ್ಚಾಗಿ ಕಂಡವು. ನಿಮ್ಮ ತಮ್ಮನಿಗೆ ಕೆಲಸ ಹೋಗಿದೆ, ಅಪ್ಪ ಹೋಗಿದ್ದಾರೆ, ನಿದ್ದೆಯೂ ಹೋಗಿದೆ. ಇದರ ಮೇಲೆ ಫೋನು. ಗೂಬೆಯ ರೀಲ್ ಮೇಲೆ ಅವನ ಬೆರಳು ನಾಲ್ಕು ಸೆಕೆಂಡು ಹೆಚ್ಚು ನಿಂತರೆ ನಾಳೆ ಇನ್ನಷ್ಟು ಗೂಬೆ ಬರುತ್ತವೆ. ‘ಈಗ ಎಲ್ಲ ಕಡೆ ಗೂಬೆ ಕಾಣಿಸ್ತಾ ಇದೆ’ ಎಂದು ಅವನು ಹೇಳಿದರೆ ಅದು ಅಕ್ಷರಶಃ ಸತ್ಯ, ಕಳಿಸುತ್ತಿರುವುದು ಮಾತ್ರ ಆ್ಯಪ್. ಹಿಂದೆ ಬುಡುಬುಡಿಕೆಯವನು ಹಾಲಕ್ಕಿ ನುಡಿಯಿತು ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದ. ಮೈಲಾರದಲ್ಲಿ ಗೊರವಪ್ಪ ಬಿಲ್ಲು ಏರಿ ವರ್ಷಕ್ಕೊಂದು ಸಾಲು ಕಾರ್ಣಿಕ ನುಡಿಯುತ್ತಾನೆ, ಜನ ಅದನ್ನು ಮಳೆಗೂ ರಾಜಕೀಯಕ್ಕೂ ಹೊಂದಿಸಿ ನಾಲ್ಕು ದಿನ ಮಾತಾಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಮೂರು ಗಂಟೆಗೆ ಮುನ್ನೂರು ಶಕುನ ತೋರಿಸುವ ವ್ಯವಸ್ಥೆ ಹಿಂದೆ ಇರಲಿಲ್ಲ.

ಈಗ ಗಿಣಿ ಪಿನ್.

ಜರ್ಮನಿಯ ಮನೋವೈದ್ಯ ಕ್ಲಾಸ್ ಕಾನ್ರಾಡ್ 1958ರಲ್ಲಿ, ಸ್ಕಿಜೋಫ್ರೇನಿಯಾ (ಇಲ್ಲದ್ದು ನಿಜವೆನಿಸುವ ಗಂಭೀರ ಮಾನಸಿಕ ಕಾಯಿಲೆ) ಶುರುವಾಗುವಾಗ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಹಂತ ಹಂತವಾಗಿ ಬರೆದರು. ಮೊದಲು ಏನೋ ಆಗಲಿದೆ ಎಂಬ ಹೇಳಲಾಗದ ಬಿಗಿತ. ಆಮೇಲೆ ಸಂಬಂಧವಿಲ್ಲದ ವಸ್ತುಗಳಲ್ಲಿ ತಟ್ಟನೆ ಅರ್ಥ ಬೆಳಗುವುದು. ಹೀಗೆ ಅರ್ಥ ಕಾಣುವುದಕ್ಕೆ ಅವರು ಕೊಟ್ಟ ಹೆಸರಿನಿಂದಲೇ ಇಂದು ಎಲ್ಲರೂ ಬಳಸುವ ಅಪೊಫೀನಿಯಾ ಎಂಬ ಮಾತು ಬಂದಿದೆ. ಅದರಲ್ಲಿ ಗಮನಿಸಬೇಕಾದ್ದು ಅರ್ಥ ಎಷ್ಟು ವಿಚಿತ್ರ ಎಂಬುದನ್ನಲ್ಲ, ಅದರ ವಿಳಾಸವನ್ನು. ಗೂಬೆ ಕಂಡರೆ ಸಾವು ಎನ್ನುವವನು ಊರಿಗೆಲ್ಲ ಸೇರಿದ ಒಂದು ನಂಬಿಕೆ ಹೇಳುತ್ತಿದ್ದಾನೆ. ಆ ಪಿನ್ ನನಗೋಸ್ಕರ ಎನ್ನುವವನು ತನ್ನ ಹೆಸರಿಗೆ ಬಂದ ಕಾಗದ ಓದುತ್ತಿದ್ದಾನೆ. ನಂಬಿಕೆಯಿಂದ ಕಾಯಿಲೆಯ ಕಡೆಗೆ ದಾರಿ ತಿರುಗುವುದು ಸಾಮಾನ್ಯವಾಗಿ ಈ ಜಾಗದಲ್ಲಿ. ಹಾಗೆಂದು ಒಂದು ಸಾಲಿನಿಂದ ರೋಗ ತೀರ್ಮಾನ ಮಾಡಲಾಗದು. ಅವನು ನಕ್ಕ ಎಂದು ಬರೆದಿದ್ದೀರಿ, ಅದು ಒಳ್ಳೆಯ ಗುರುತು. ತಮಾಷೆ ಇರಬಹುದು, ಅರ್ಧ ನಂಬಿ ಅರ್ಧ ನಂಬದ ಸ್ಥಿತಿಯೂ ಇರಬಹುದು.

ತಿಳಿಯಬೇಕಾದರೆ ಕೇಳಬೇಕು. ಇಬ್ಬರೇ ಇದ್ದಾಗ, ಟೀ ಕುಡಿಯುವಾಗಲೋ ಗಾಡಿಯಲ್ಲಿ ಹೋಗುವಾಗಲೋ, ಮುಖಕ್ಕೆ ಮುಖ ಕೊಡದೆ ಕೇಳುವುದು ಸುಲಭ. ‘ಆ ಗಿಣಿ ಪಿನ್ನು ನಿನಗೇ ಅಂತ ಅಂದಿದ್ಯಲ್ಲೋ, ನೂರಕ್ಕೆ ಎಷ್ಟು ಖಾತ್ರಿ ನಿನಗೆ?’ ಮೂವತ್ತು, ನಲವತ್ತು ಅಂದರೆ ಅನುಮಾನಕ್ಕೆ ಇನ್ನೂ ಜಾಗವಿದೆ. ನೂರು ಅಂದರೆ, ಅಥವಾ ‘ನಿನಗೆ ಅರ್ಥ ಆಗಲ್ಲ ಬಿಡು’ ಎಂದು ಬಾಗಿಲು ಹಾಕಿಕೊಂಡರೆ, ವಾದ ಅಲ್ಲಿಗೆ ನಿಲ್ಲಿಸಿ. ಎರಡನೇ ಪ್ರಶ್ನೆ ಇನ್ನೂ ಮುಖ್ಯ: ‘ಅವು ನಿನಗೆ ಏನಾದರೂ ಮಾಡು ಅಂತ ಹೇಳ್ತಾವಾ?’ ಮನೆ ಬಿಟ್ಟು ಹೋಗು, ಊಟ ಬಿಡು, ಯಾರನ್ನೋ ತಡೆ, ಅಪ್ಪನ ಹತ್ತಿರ ಬಾ. ಇಂಥ ಉತ್ತರ ಏನೇ ಬಂದರೂ ಅವತ್ತೇ ಆಸ್ಪತ್ರೆ, ಮರುದಿನ ಅಲ್ಲ. ಮೂರನೆಯದು, ಒಬ್ಬನೇ ಇದ್ದಾಗ ಧ್ವನಿ ಕೇಳಿಸುತ್ತದೆಯೇ, ಯೋಚನೆ ಬೇರೆಯವರಿಗೆ ಗೊತ್ತಾಗಿಬಿಡುತ್ತದೆ ಅನಿಸುತ್ತದೆಯೇ. ಇಂಥದ್ದನ್ನು ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ.

ನಿದ್ದೆಯ ಬಗ್ಗೆ ಒಂದು ವ್ಯತ್ಯಾಸ ಗಮನಿಸಿ. ನಾಲ್ಕಕ್ಕೆ ಮಲಗಿ ಮಧ್ಯಾಹ್ನ ಹನ್ನೆರಡಕ್ಕೆ ಏಳುತ್ತಿದ್ದರೆ ಅದು ನೈಟ್ ಶಿಫ್ಟಿನ ಗಡಿಯಾರ, ಸರಿಮಾಡಬಹುದು. ನಾಲ್ಕಕ್ಕೆ ಮಲಗಿ ಆರಕ್ಕೇ ಎದ್ದು ಇಡೀ ದಿನ ಚುರುಕಾಗಿ, ಮಾತು ಜಾಸ್ತಿ, ಖರ್ಚು ಜಾಸ್ತಿ, ದೊಡ್ಡ ದೊಡ್ಡ ಯೋಜನೆ ಅನ್ನುತ್ತಿದ್ದರೆ ಅದು ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಉಬ್ಬಿ ಓಡುವ ಕಾಯಿಲೆ ಇರಬಹುದು, ಈ ವಾರದೊಳಗೆ ತೋರಿಸಿ. ಇನ್ನೊಂದು ಬಗೆಯೂ ಇದೆ. ‘ಇದೆಲ್ಲ ಸುಳ್ಳು ಅಂತ ಗೊತ್ತು, ಆದರೂ ನೋಡದೆ ಇರೋಕೆ ಆಗ್ತಿಲ್ಲ’ ಎಂದು ಅವನೇ ಸಂಕಟಪಡುತ್ತಿದ್ದರೆ, ಗೂಬೆ ಕಂಡಾಗಲೆಲ್ಲ ದೋಷ ಕಳೆಯಲು ಮೂರು ಸಲ ಏನನ್ನಾದರೂ ಮುಟ್ಟುತ್ತಿದ್ದರೆ, ಅದು ಒಸಿಡಿ (ಬೇಡವೆಂದರೂ ಬಿಡದ ಯೋಚನೆ, ಮಾಡದೆ ಇರಲಾಗದ ಕೆಲಸದ ಕಾಯಿಲೆ) ಕಡೆಗೆ ಬೆರಳು ಮಾಡುತ್ತದೆ. ಅದರ ಚಿಕಿತ್ಸೆಯೇ ಬೇರೆ. ಗಾಂಜಾ ಸೇದುತ್ತಾನಾ ಎಂಬುದನ್ನು ನಾಚಿಕೆ ಬಿಟ್ಟು ಕೇಳಿ, ಎಷ್ಟೋ ಸಲ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಇನ್ನು ಏನು ಮಾಡಬಹುದು. ನಿಮ್ಮ ಮನೆಯಲ್ಲಿ ಎದ್ದಿರುವ ಸಲಹೆಗಳನ್ನೇ ಮೊದಲು ನೋಡೋಣ.

ಫೋನ್ ಕಿತ್ತುಕೊಳ್ಳುವುದು. ಹದಿನಾಲ್ಕರ ಹುಡುಗನಿಗೆ ಸರಿಹೋಗಬಹುದು, 27ರವನಿಗೆ ಬೇಡ. ಅವನು ಇನ್ನೊಂದು ಫೋನ್ ಹೊಂದಿಸಿಕೊಳ್ಳುತ್ತಾನೆ, ಮುಚ್ಚಿಡುವುದನ್ನು ಕಲಿಯುತ್ತಾನೆ. ಅನುಮಾನ ಮನೆಯವರ ಕಡೆಗೂ ತಿರುಗಿದ್ದರೆ ‘ಇವರೂ ಅವರ ಕಡೆಯವರೇ’ ಎಂಬುದಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ. ಸ್ಕ್ರೀನ್‌ಶಾಟ್‌ಗಳನ್ನು ಕದ್ದು ಡಿಲೀಟ್ ಮಾಡುವುದು ಇದಕ್ಕಿಂತ ಕೆಟ್ಟದ್ದು.

ಅಮ್ಮ ಹೇಳುವ ಶಾಂತಿ. ನಾನು ಬೇಡ ಅನ್ನುವುದಿಲ್ಲ. ಅಮ್ಮನಿಗೆ ಸಮಾಧಾನವಾದರೆ ಮನೆಯ ಬಿಗಿ ಸಡಿಲವಾಗುತ್ತದೆ. ಎರಡು ಷರತ್ತು: ಆಸ್ಪತ್ರೆಯ ದಿನವನ್ನು ಅದಕ್ಕಾಗಿ ಮುಂದೂಡಬಾರದು, ಆ ಸ್ಕ್ರೀನ್‌ಶಾಟ್‌ಗಳನ್ನು ಯಾವ ಜ್ಯೋತಿಷಿಯ ಮುಂದೆಯೂ ಅರ್ಥ ಹೇಳಿಸಲು ಹಿಡಿಯಬಾರದು. ಅವರು ‘ಹೌದು, ಹುಡುಗ ಸರಿಯಾಗೇ ಕಂಡಿದ್ದಾನೆ’ ಅಂದುಬಿಟ್ಟರೆ ನಲವತ್ತಿದ್ದ ಖಾತ್ರಿ ತೊಂಬತ್ತಕ್ಕೆ ಏರುತ್ತದೆ.

ಎಡೆಗೆ ಬಾರದ ಕಾಗೆಯ ವಿಷಯ ಮಾತ್ರ ಬೇರೆ. ಅಲ್ಲಿ ವಿಜ್ಞಾನ ಹೇಳಬೇಡಿ. ಆ ದಿನ ಅವನಿಗೆ ಅಪ್ಪ ಎಡೆ ಮುಟ್ಟಲಿಲ್ಲ ಅನಿಸಿದೆ, ಮನೆಯಲ್ಲಿ ಯಾರೂ ಅದರ ಬಗ್ಗೆ ಬಾಯಿ ಬಿಟ್ಟಿಲ್ಲದಿರಬಹುದು. ಕಾಗೆ ಬಾರದಿದ್ದರೆ ಹಸುವಿಗೆ ಇಡುವ, ನೀರಿಗೆ ಬಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ತಿಥಿ ಮಾಡಿಸಿದ ಪುರೋಹಿತರೇ ಬಂದು ‘ತಪ್ಪೇನೂ ಆಗಿಲ್ಲಪ್ಪ’ ಎಂದು ಅವನಿಗೆ ಹೇಳಿದರೆ ವೈದ್ಯರ ಅರ್ಧ ಗಂಟೆಯ ಮಾತಿಗಿಂತ ಚೆನ್ನಾಗಿ ತಾಗೀತು. ಸತ್ತವರು ಹಕ್ಕಿಯಾಗಿ ಬಂದರು ಅನಿಸುವುದು ದುಃಖದ ಸಹಜ ರೂಪ, ಅದಕ್ಕೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ.

ವಾದ ಮಾಡಿ ಗೆಲ್ಲುವುದು. ಮೇಲಿನ ಮೀನಿನ ಲೆಕ್ಕ ನಿಮ್ಮ ಸಮಾಧಾನಕ್ಕೆ. ಅವನ ಮುಂದೆ ಒಮ್ಮೆ ಹೇಳಬಹುದು, ಎರಡನೇ ಸಲ ಬೇಡ. ‘ಎರಡು ದಿನದಲ್ಲಿ ಆಗಿದ್ದು ಹೌದು ಕಣೋ, ನನಗೂ ಮೈ ಜುಂ ಅಂತು’ ಎಂದು ಒಪ್ಪಿಕೊಂಡು ಮುಂದುವರಿದರೆ ಕೇಳಿಸಿಕೊಳ್ಳುತ್ತಾನೆ.

ಖಾತ್ರಿ ನೂರರ ಹತ್ತಿರ ಇಲ್ಲ, ಅಪಾಯದ ಗುರುತೂ ಇಲ್ಲ ಅಂದರೆ ಒಂದು ಪುಸ್ತಕದ ಪ್ರಯೋಗ ಮಾಡಬಹುದು. ಇದರಲ್ಲಿ ಅವನ ಶಿಸ್ತನ್ನೇ ಬಳಸಿಕೊಳ್ಳುತ್ತೀರಿ, 2,100 ಚಿತ್ರ ಜೋಡಿಸಿಟ್ಟವನು ಸೋಮಾರಿಯಲ್ಲ. ನೂರು ಪುಟದ ನೋಟ್‌ಬುಕ್, ಪೆನ್ನು. ಫೋನಿನಲ್ಲಿ ಬೇಡ, ಅಳಿಸಬಹುದು. ಪ್ರತಿ ಸೂಚನೆಗೆ ಒಂದು ಸಾಲು: ಇವತ್ತಿನ ತಾರೀಖು ಮತ್ತು ಗಂಟೆ, ಪ್ರಾಣಿ, ಏನಾಗುತ್ತದೆ, ಎಲ್ಲಿ, ಎಷ್ಟು ದಿನದೊಳಗೆ. ಘಟನೆಗೆ ಮೊದಲೇ ಬರೆದಿರಬೇಕು. ‘ಏನೋ ಕೆಟ್ಟದ್ದು’ ಎಂದು ಬರೆಯುವಂತಿಲ್ಲ, ‘ದೊಡ್ಡವರ ಸಾವು’ ಅಂದರೆ ಯಾರು ದೊಡ್ಡವರು ಎಂಬುದನ್ನು ಮೊದಲ ಪುಟದಲ್ಲೇ ತೀರ್ಮಾನಿಸಿಕೊಳ್ಳಬೇಕು. ಹಿಂಬದಿಯಿಂದ ಇನ್ನೊಂದು ಪಟ್ಟಿ: ಯಾವ ಪ್ರಾಣಿಯೂ ಸೂಚಿಸದೆ ನಡೆದ ದೊಡ್ಡ ಘಟನೆಗಳು. ಮೂವತ್ತು ದಿನವಾದ ಮೇಲೆ ಒಂದು ಹಾಳೆಯಲ್ಲಿ ನಾಲ್ಕು ಮನೆ ಎಳೆಯಿರಿ. ಸೂಚನೆ ಇತ್ತು, ಘಟನೆ ಆಯಿತು. ಸೂಚನೆ ಇತ್ತು, ಆಗಲಿಲ್ಲ. ಸೂಚನೆ ಇಲ್ಲ, ಆಯಿತು. ಸೂಚನೆಯೂ ಇಲ್ಲ, ಆಗಲೂ ಇಲ್ಲ. ಅವನ ಫೋಲ್ಡರಿನಲ್ಲಿ ಈಗ ಇರುವುದು ಮೊದಲ ಮನೆ ಮಾತ್ರ. ಪ್ರಯೋಗ ಕೆಡುವುದು ಎಲ್ಲಿ ಅಂದರೆ, ಗಡುವು ಮುಗಿದ ಮೇಲೆ ಇನ್ನೆರಡು ದಿನ ಎಂದು ಎಳೆಯುವುದು, ಹಾಸನದ ಬದಲು ಹರಿಯಾಣದಲ್ಲಿ ಆಯಿತಲ್ಲ ಎನ್ನುವುದು. ಬಿಟ್ಟುಕೊಡಬೇಡಿ, ಜಗಳವೂ ಬೇಡ, ಆ ಸಾಲಿನ ಪಕ್ಕದಲ್ಲಿ ಅದನ್ನೂ ಬರೆಯಿರಿ ಅಷ್ಟೆ. ಎಚ್ಚರಿಕೆ: ಖಾತ್ರಿ ಗಟ್ಟಿಯಾಗಿರುವವನ ಜತೆ ಈ ಆಟ ಆಡಲೇಬಾರದು. ತಪ್ಪಿದ್ದಕ್ಕೆಲ್ಲ ‘ಯಾರೋ ತಡೆದರು’ ಎಂಬ ಹೊಸ ಕಾರಣ ಹುಟ್ಟಿ, ಇಲ್ಲದ ಶತ್ರು ಒಬ್ಬ ಸೇರಿಕೊಳ್ಳುತ್ತಾನೆ.

ಅವನ ಫೋಲ್ಡರ್‌ಗಳಲ್ಲಿ ಒಂದು ತಾಂತ್ರಿಕ ದೋಷವೂ ಇರಬಹುದು, ಮೃದುವಾಗಿ ತೋರಿಸಿ. ಸ್ಕ್ರೀನ್‌ಶಾಟ್‌ಗೆ ಬೀಳುವುದು ಅವನು ಅದನ್ನು ತೆಗೆದ ದಿನದ ತಾರೀಖು, ಮೂಲ ಚಿತ್ರದ್ದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋದಲ್ಲೂ ಮೂಲ ತಾರೀಖು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಮೂರು ವರ್ಷ ಹಳೆಯ ಹಾವಿನ ಚಿತ್ರ ಹೋದ ಮಂಗಳವಾರದ ಸೂಚನೆಯಾಗಿ ಕೂತಿರಬಹುದು. ಒಂದು ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಚಿತ್ರ ಬಂದಿರುವ ಪುಟಗಳಲ್ಲಿ ತೀರ ಹಳೆಯದು ಯಾವುದು ಎಂದು ಇಬ್ಬರೂ ಕೂತು ನೋಡಿ. ಐದು ಚಿತ್ರ ಸಾಕು. ಸಿಗದಿದ್ದರೆ ಅದು ಹೊಸದು ಎಂದೇನೂ ಅಲ್ಲ, ಎಐ ಮಾಡಿದ್ದೂ ಇರಬಹುದು.

ಫೀಡ್ ತೊಳೆಯುವುದಕ್ಕೆ ಅವನ ಒಪ್ಪಿಗೆ ಬೇಕು. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ ಕಂಟೆಂಟ್ ಪ್ರಿಫರೆನ್ಸಸ್‌ನಲ್ಲಿ ಶಿಫಾರಸುಗಳನ್ನು ರೀಸೆಟ್ ಮಾಡುವ ಆಯ್ಕೆ ಇದೆ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ, ಅದನ್ನು ಆಫ್ ಮಾಡಿದರೆ ಮುಖಪುಟದಲ್ಲಿ ಶಿಫಾರಸುಗಳು ನಿಲ್ಲುತ್ತವೆ. ರೀಸೆಟ್ ಮಾಡಿದ ಮೊದಲೆರಡು ದಿನ ಮತ್ತೆ ಗೂಬೆ ಹುಡುಕಿದರೆ ಎಲ್ಲ ವಾಪಸ್. ನಿದ್ದೆಗೆ, ಮಲಗುವ ಹೊತ್ತನ್ನು ಹಿಡಿಯಬೇಡಿ, ಏಳುವ ಹೊತ್ತನ್ನು ಹಿಡಿಯಿರಿ. ಈಗ ಹನ್ನೆರಡಕ್ಕೆ ಎದ್ದರೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ. ಎದ್ದ ಕೂಡಲೇ ಅರ್ಧ ಗಂಟೆ ಬಿಸಿಲು. ಮಧ್ಯಾಹ್ನ ಎರಡರ ಮೇಲೆ ಟೀ, ಕಾಫಿ ಬೇಡ. ಫೋನ್ ಚಾರ್ಜಿಗೆ ಹಾಕುವ ಜಾಗ ಹಾಲ್, ಅಮ್ಮನದ್ದೂ ಅಲ್ಲೇ ಇರಲಿ.

ಅವನು ಇವನ್ನೆಲ್ಲ ಗ್ರೂಪುಗಳಿಗೆ ಕಳಿಸುತ್ತಾನಾ, ಯಾರದ್ದಾದರೂ ಹೆಸರು ಹಿಡಿದು ಆರೋಪ ಮಾಡುತ್ತಾನಾ ನೋಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಕೊಂದಿತು. ಸಂಕೇತದಲ್ಲಿ ಮನುಷ್ಯರ ಹೆಸರು ಸೇರಿದ ಮೇಲೆ ಅದು ಮನೆಯೊಳಗಿನ ವಿಷಯವಾಗಿ ಉಳಿಯುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಖಾತ್ರಿ ಎಷ್ಟೇ ಇರಲಿ, ಎರಡು ವಾರದೊಳಗೆ ಒಮ್ಮೆ ಮನೋವೈದ್ಯರನ್ನು ಕಾಣಿಸಿ. ‘ನಿನಗೆ ತಲೆ ಕೆಟ್ಟಿದೆ’ ಎಂದು ಕರೆಯಬೇಡಿ. ‘ನಿದ್ದೆ ಇಲ್ಲದೆ ಸೊರಗಿದ್ದೀಯ, ಅದಕ್ಕೆ ತೋರಿಸೋಣ’ ಎಂಬುದು ಸುಳ್ಳೂ ಅಲ್ಲ, ಅವನಿಗೆ ಅವಮಾನವೂ ಅಲ್ಲ. ಸುಳ್ಳು ಹೇಳಿ ಬೇರೆಲ್ಲಿಗೋ ಎಂದು ಕರೆದೊಯ್ಯುವುದು ಒಂದು ಸಲ ನಡೆಯುತ್ತದೆ, ಎರಡನೇ ಭೇಟಿ ಇರುವುದಿಲ್ಲ. ಅವನು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಹೋಗಿ ಮಾತಾಡಿ ಬರಬಹುದು. 14416 ಟೆಲಿ-ಮನಸ್ ಸಹಾಯವಾಣಿ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ.

ವೈದ್ಯರು ಥೈರಾಯ್ಡ್, ಬಿ12, ಸಕ್ಕರೆ ನೋಡಬಹುದು, ಸ್ಟೀರಾಯ್ಡ್‌ನಂಥ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದಾನಾ ಎಂದು ಕೇಳಬಹುದು. ಸೈಕೋಸಿಸ್‌ನ (ನಿಜ ಯಾವುದು, ಭ್ರಮೆ ಯಾವುದು ತಿಳಿಯದ ಸ್ಥಿತಿ) ಆರಂಭ ಎಂದು ಕಂಡರೆ ಔಷಧಿ ಸಣ್ಣ ಪ್ರಮಾಣದಲ್ಲಿ ಶುರುವಾಗುತ್ತದೆ. ನಿದ್ದೆ ಬೇಗ ಸುಧಾರಿಸುತ್ತದೆ, ನಂಬಿಕೆಯ ಬಿಗಿ ಸಡಿಲವಾಗಲು ಕೆಲವು ವಾರ ಬೇಕು. ತೂಕ ಏರುವುದು, ಮಂಪರು, ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಚಡಪಡಿಕೆ ಬಂದರೆ ಕಾಯಿಲೆ ಹೆಚ್ಚಾಯಿತು ಎಂದುಕೊಳ್ಳದೆ ವೈದ್ಯರಿಗೆ ಫೋನ್ ಮಾಡಿ, ಪ್ರಮಾಣ ಬದಲಿಸಿದರೆ ಹೋಗುತ್ತದೆ. ಚೆನ್ನಾಗಾದ ಮೇಲೂ ಸಾಮಾನ್ಯವಾಗಿ ವರ್ಷವಾದರೂ ಮುಂದುವರಿಸುತ್ತಾರೆ, ನಡುವೆ ತಟ್ಟನೆ ನಿಲ್ಲಿಸಿದವರಲ್ಲಿ ಮರುಕಳಿಸುವುದು ಹೆಚ್ಚು. ತಡವಾಗಿ ಶುರು ಮಾಡಿದಷ್ಟೂ ಚೇತರಿಕೆ ನಿಧಾನ. ಸಾರಿನಲ್ಲಿ, ಹಾಲಿನಲ್ಲಿ ಮಾತ್ರೆ ಬೆರೆಸಿ ಕೊಡುವ ಸಲಹೆ ನೆಂಟರಿಂದ ಖಂಡಿತ ಬರುತ್ತದೆ. ಮಾಡಬೇಡಿ. ಒಂದು ದಿನ ಗೊತ್ತಾಗುತ್ತದೆ, ಆಮೇಲೆ ಅವನು ಮನೆಯ ಊಟವನ್ನೇ ಮುಟ್ಟುವುದಿಲ್ಲ.

ಹೋಗುವಾಗ ಒಂದು ಹಾಳೆ ಬರೆದುಕೊಳ್ಳಿ: ಯಾವ ತಿಂಗಳಿಂದ ಶುರು, ದಿನಕ್ಕೆ ಎಷ್ಟು ಗಂಟೆ ನಿದ್ದೆ, ಊಟ ಮತ್ತು ಸ್ನಾನ ಹೇಗಿದೆ, ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ, ಗಿಣಿ ಪಿನ್ನಿನ ಹಾಗೆ ‘ನನಗೇ’ ಅಂದ ಮಾತುಗಳು ಎಷ್ಟು ಮತ್ತು ಯಾವ ದಿನ. ಫೋನನ್ನು ಅವನೇ ತರಲಿ. ಫೋಲ್ಡರ್ ತೆರೆದು ತೋರಿಸಲು ಅವನಿಗೇ ಹೇಳುತ್ತಾರೆ, ನೀವು ನಡುವೆ ಮಾತಾಡಬೇಡಿ. ಯಾವ ಚಿತ್ರವನ್ನು ಮೊದಲು ತೆಗೆಯುತ್ತಾನೆ, ಯಾವುದರ ಮುಂದೆ ದನಿ ಬದಲಾಗುತ್ತದೆ ಎಂಬುದನ್ನು ವೈದ್ಯರು ಗಮನಿಸುತ್ತಾರೆ. ಮೊದಲ ಚಿತ್ರ ತಿಥಿಯ ದಿನದ್ದೇ ಇರಬಹುದು.